ಎಡೆಗಿಟ್ಟ ಸಿಗಾರು

“ಚಿತ್ರ ಎಲ್ಲಿ?” ಎನ್ನುತ್ತ ಶಿವಮೂರ್ತಿ ಪೆಟ್ಟಿಗೆಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ.

“ಯಾವ ಚಿತ್ರ ಭಾವ? ದೊರೆ ಚಿತ್ರ ಇದೆಯಲ್ಲ, ಚಿನ್ನದ ಬಣ್ಣದಲ್ಲಿ.”

“ದೊರೆ ಅಲ್ಲ ಕಣೋ. ಗಂಟಲು ಕೊಳೆತಿರೋ ಚಿತ್ರ. ಬೀಡಿ ಕಟ್ಟಿನ ಮೇಲೂ ಇರುತ್ತೆ. ಇದರ ಮೇಲೆ ಎಲ್ಲಿ?”

ಅನಂತರಾಜು ನಕ್ಕುಬಿಟ್ಟ. “ಇದು ಫಾರಿನ್ ಮಾಲು ಭಾವ. ಇದನ್ನ ಸೇದೋರಿಗೆ ಗಂಟಲು ಕೊಳೆಯಲ್ಲ.”

ಬಟವಾಡಿಯ ಹೆದ್ದಾರಿ ಪಕ್ಕದ ಚಿಕ್ಕರಂಗಯ್ಯ ಸ್ಟೋರ್ಸಿನಲ್ಲಿ ಆಗಷ್ಟೇ ಬೆಳಗಿನ ಹಾಲು, ಬ್ರೆಡ್ಡಿನ ಗಲಾಟೆ ಮುಗಿದಿತ್ತು. ಅಂಥ ಹೊತ್ತು ನೋಡಿಯೇ ಅನಂತರಾಜು ಬಂದಿದ್ದ. ಅವನು ಶಿವಮೂರ್ತಿಯ ಹೆಂಡತಿ ಪ್ರೇಮಲತಾಳ ತಮ್ಮ. ಕ್ಯಾತ್ಸಂದ್ರದಲ್ಲಿ ಬೋರ್‌ವೆಲ್ ಮೋಟಾರು ಮಾರುತ್ತಾನೆ. ಹೆಚ್ಚು ಮೋಟಾರು ಮಾರಿದ ಡೀಲರುಗಳನ್ನೆಲ್ಲ ಕಂಪನಿಯವರು ಈ ಸಲ ದುಬೈಗೆ ಕರೆದುಕೊಂಡು ಹೋಗಿದ್ದರು. ಬಂದು ವಾರವಾದರೂ ಅವನು ತಂಪು ಕನ್ನಡಕವನ್ನು ತಲೆಯ ಮೇಲಿನಿಂದ ಇಳಿಸಿರಲಿಲ್ಲ. ಅಕ್ಕನಿಗೆ ಖರ್ಜೂರ, ಅಕ್ಕನ ಮಗಳಿಗೆ ಸೆಂಟು, ಭಾವನಿಗೆ ಈ ಪೆಟ್ಟಿಗೆ. ಭಾವ ಸೇದಲಿ ಎಂದಲ್ಲ, ಮಾರಲಿ ಎಂದು.

ಪೆಟ್ಟಿಗೆ ಮಾತ್ರ ಚೆನ್ನಾಗಿತ್ತು. ನುಣುಪಾದ ತಿಳಿಗೆಂಪು ಮರ, ಹಿತ್ತಾಳೆಯ ಪುಟ್ಟ ಚಿಲಕ, ಮುಚ್ಚಳದ ಮೇಲೆ ಗಡ್ಡ ಬಿಟ್ಟ ಯಾವುದೋ ದೊರೆ. ತೆಗೆದರೆ ಒಳಗೆ ಎರಡು ಸಾಲಿನಲ್ಲಿ ಕಂದು ಬಣ್ಣದ ಸಿಗಾರುಗಳು, ಒಂದೊಂದೂ ಹೆಬ್ಬೆರಳಿನಷ್ಟು ದಪ್ಪ. ಶಿವಮೂರ್ತಿ ಒಂದನ್ನು ಮೂಗಿಗೆ ಹಿಡಿದು ನೋಡಿದ. ಹಳೆಯ ಮರದ ಬೀರು ತೆಗೆದಂಥ ಘಮ. ಅವನಿಗೆ ಅದು ಎಲ್ಲೋ ಗೊತ್ತಿದ್ದ ವಾಸನೆ ಅನ್ನಿಸಿತು, ಎಲ್ಲಿ ಅಂತ ಹೊಳೆಯಲಿಲ್ಲ.

ಚಿತ್ರ ಕೇಳಿದ್ದಕ್ಕೆ ಅವನನ್ನು ಹೆದರುಪುಕ್ಕಲ ಎಂದುಕೊಳ್ಳಬಾರದು. ಅವನು ಅಂಗಡಿಯವನು, ಅಷ್ಟೇ. ಅಪ್ಪ ಚಿಕ್ಕರಂಗಯ್ಯ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ದುಡಿದು ಕೂಡಿಟ್ಟಿದ್ದರಲ್ಲಿ ಹಾಕಿಕೊಟ್ಟ ಪೆಟ್ಟಿಗೆ ಅಂಗಡಿ ಇದು. ಈಗ ಎರಡು ಬಾಗಿಲಾಗಿದೆ. ಇಪ್ಪತ್ತೊಂದು ತುಂಬದವರಿಗೆ ತಂಬಾಕು ಮಾರುವುದಿಲ್ಲ ಎಂಬ ಬೋರ್ಡು ಕಣ್ಣಿಗೆ ಹೊಡೆಯುವ ಹಾಗೆ ನೇತುಬಿದ್ದಿದೆ. ಮೀಸೆ ಬಂದ ಹುಡುಗರನ್ನೂ ಅವನು ಆಧಾರ್ ತೋರಿಸು ಅನ್ನುತ್ತಾನೆ. ಬಿಡಿ ಸಿಗರೇಟು ಕೊಡುವುದಿಲ್ಲ, ಪ್ಯಾಕೇ ತಗೋಬೇಕು. ಇದಕ್ಕೆ ಬಟವಾಡಿಯ ಆಟೋದವರೆಲ್ಲ ಅವನಿಗೆ ಜಡ್ಜ್ ಸಾಹೇಬರು ಎಂದು ಹೆಸರಿಟ್ಟು ಮುಂದಿನ ಅಂಗಡಿಗೆ ಹೋಗುತ್ತಾರೆ. ಹೋಗಲಿ, ರಾತ್ರಿ ಮಲಗಿದರೆ ನಿದ್ದೆ ಬರುತ್ತದಲ್ಲ ಎಂಬುದು ಅವನ ಸಮಾಧಾನ.

ಆದರೆ ಈಚೆಗೆ ನಿದ್ದೆಯೂ ಬರುತ್ತಿರಲಿಲ್ಲ. ರಸ್ತೆಯ ಆಚೆ ಬದಿಗೆ ಗಾಜಿನ ಬಾಗಿಲಿನ ದೊಡ್ಡ ಮಾರ್ಟ್ ಬಂದಿತ್ತು. ಅಲ್ಲಿ ಬಾಗಿಲು ತನಗೆ ತಾನೇ ತೆರೆಯುತ್ತದೆ, ಒಳಗೆ ತಣ್ಣಗಿರುತ್ತದೆ. ಇಷ್ಟು ವರ್ಷ ತಿಂಗಳ ಸಾಮಾನಿಗೆ ಚೀಟಿ ಕಳಿಸುತ್ತಿದ್ದ ಮನೆಗಳವರು ಈಗ ಅವನ ಕಣ್ಣು ತಪ್ಪಿಸಿ ಅಲ್ಲಿಂದ ತಳ್ಳುಗಾಡಿ ತಳ್ಳಿಕೊಂಡು ಬರುತ್ತಿದ್ದರು.

ಅಂಥದ್ದರಲ್ಲಿ ನಾಗಭೂಷಣ್ ಸಿಕ್ಕಿದ್ದ. ಕುಣಿಗಲ್ ರಸ್ತೆಯಲ್ಲಿ ಹೊಸ ರೆಸಾರ್ಟು ಕಟ್ಟಿಸಿದ ಆಸಾಮಿ. ಅಡುಗೆಮನೆಗೆ ಬೇಕಾದ ಅಕ್ಕಿ ಬೇಳೆಯಿಂದ ಹಿಡಿದು ಟಿಶ್ಯೂ ಕಾಗದದವರೆಗೆ ಒಬ್ಬರೇ ಒದಗಿಸುವವರು ಬೇಕು ಅಂದಿದ್ದ. ಜೊತೆಗೆ ಒಂದು ಮಾತು ಸೇರಿಸಿದ್ದ. “ಓಪನಿಂಗ್‌ಗೆ ದೊಡ್ಡೋರೆಲ್ಲ ಬರ್ತಾರೆ ಶಿವಮೂರ್ತಿ. ಗಾಜಿನ ಬೀರುವಿನಲ್ಲಿ ಫಾರಿನ್ ಸಿಗಾರು ಇಡಬೇಕು ಅಂತ ನಂಗಾಸೆ. ಅದೊಂದು ತಂದುಕೊಡಿ, ನಿಮ್ಮ ಕೈಲಿ ಏನಾಗುತ್ತೆ ನೋಡೋಣ. ಮಿಕ್ಕಿದ್ದು ಆಮೇಲೆ.”

ಅದನ್ನು ಶಿವಮೂರ್ತಿ ಬಾಯಿತಪ್ಪಿ ಭಾವಮೈದುನನ ಎದುರು ಹೇಳಿದ್ದ. ಭಾವಮೈದುನ ದುಬೈ ಅಂಗಡಿಯಲ್ಲಿ ಅದನ್ನು ನೆನಪಿಟ್ಟುಕೊಂಡಿದ್ದ.

“ಏರ್‌ಪೋರ್ಟಿನಲ್ಲಿ ಯಾರೂ ಕೇಳಲಿಲ್ವಾ?”

“ಕೇಳಿದ್ರು. ತೆಗೆದು ತೋರಿಸಿದೆ. ಇಪ್ಪತ್ತೈದು ತಾನೇ, ಹೋಗಿ ಅಂದ್ರು. ಮುಂದಿನ ಸಲ ಹೋದಾಗ ಹತ್ತು ಜನ ಡೀಲರ್‌ಗಳ ಕೈಲೂ ಒಂದೊಂದು ಪೆಟ್ಟಿಗೆ ತರಿಸ್ತೀನಿ. ಲೈನ್ ಬಿದ್ದುಬಿಡುತ್ತೆ ಭಾವ!”

ಶಿವಮೂರ್ತಿ ಪೆಟ್ಟಿಗೆಯನ್ನು ಸಕ್ಕರೆ ಮೂಟೆಯ ಹಿಂದೆ ಇಟ್ಟ. ಆಮೇಲೆ ಅಲ್ಲಿಂದ ತೆಗೆದು ಸೋಪಿನ ಡಬ್ಬಗಳ ಕೆಳಗೆ ಇಟ್ಟ. ಅಲ್ಲೂ ಮನಸ್ಸಿಗೆ ಒಪ್ಪಲಿಲ್ಲ.

ಮಧ್ಯಾಹ್ನ ಇಬ್ಬರೂ ಬಿ.ಎಚ್. ರಸ್ತೆಗೆ ಹೋದರು. ಅಲ್ಲಿ ಮೆಡಿಕಲ್ ಸ್ಟೋರೊಂದರ ಮಹಡಿಯಲ್ಲಿ ಶಾಂತಲಾ ಮೇಡಂ ಕೂರುತ್ತಾರೆ. ಅಂಗಡಿಯ ಜಿಎಸ್‌ಟಿ ಲೆಕ್ಕವೆಲ್ಲ ಅವರದೇ. ಶಿವಮೂರ್ತಿ ಪೆಟ್ಟಿಗೆಯನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ ಒಯ್ದಿದ್ದ. ಅವರು ಬಿಚ್ಚಿ ನೋಡಿ, ಮುಚ್ಚಿ, ಅವನ ಕಡೆಗೆ ತಳ್ಳಿದರು.

“ಚೆನ್ನಾಗಿದೆ. ಯಾರು ಸೇದ್ತೀರಾ?”

“ಸೇದೋಕಲ್ಲ ಮೇಡಂ. ಮಾರೋದಾದ್ರೆ ಹೆಂಗೆ ಅಂತ...”

“ಮಾರೋ ಹಾಗಿಲ್ಲ” ಎಂದರು ಶಾಂತಲಾ, ಟೀ ಬಿಸಿಯಾಗಿದೆ ಅನ್ನುವಷ್ಟು ಸಲೀಸಾಗಿ. “ಇವರು ಸ್ವಂತಕ್ಕೆ ಅಂತ ತಂದಿದಾರೆ, ಅದಕ್ಕೇ ಕಸ್ಟಮ್ಸ್‌ನೋರು ಸುಂಕ ಇಲ್ಲದೆ ಬಿಟ್ಟಿದಾರೆ. ನೀವೇ ಸೇದಿ, ನೆಂಟರಿಗೆ ಕೊಡಿ, ತಪ್ಪಿಲ್ಲ. ಮಾರಿದ್ರೆ ತಪ್ಪು. ಮಾರೋಕೆ ತರಿಸೋರು ಬೇರೆ ಇದಾರೆ. ಅವರು ಇಂಪೋರ್ಟ್ ಕೋಡ್ ತಗೊಂಡು, ಡ್ಯೂಟಿ ಕಟ್ಟಿ, ಪೆಟ್ಟಿಗೆ ಮೇಲೆ ನಮ್ಮ ಸರ್ಕಾರ ಹೇಳಿದ ಚಿತ್ರ ಹಾಕಿಸಿ, ತರಿಸಿದವರ ಹೆಸರು, ಎಂಆರ್‌ಪಿ ಎಲ್ಲ ಅಂಟಿಸಿ ಅಂಗಡಿಗೆ ಬಿಡ್ತಾರೆ. ಬೆಂಗಳೂರಲ್ಲಿ ಸಿಗುತ್ತೆ.”

“ನೋಡಿದ್ಯಾ? ಚಿತ್ರ ಬೇಕು ಅಂತ ನಾನು ಅವಾಗ್ಲೇ ಹೇಳಲಿಲ್ವಾ?” ಎಂದು ಶಿವಮೂರ್ತಿ ಭಾವಮೈದುನನ ಕಡೆ ತಿರುಗಿದ. ರೆಸಾರ್ಟಿನ ವ್ಯಾಪಾರ ಕೈತಪ್ಪುತ್ತಿದ್ದರೂ ತನ್ನ ಮಾತು ನಿಜವಾಯಿತಲ್ಲ ಎಂಬ ಖುಷಿ ಅವನಿಗೆ.

“ಬಿಲ್ ಹಾಕಿದ್ರೆ ತಾನೇ ಮೇಡಂ ಇದೆಲ್ಲ? ಬಿಲ್ ಹಾಕದೆ ಮಾರಿದ್ರೆ?” ಎಂದ ಅನಂತರಾಜು.

“ಅದಕ್ಕೆ ಇನ್ನೊಂದು ಸೆಕ್ಷನ್ ಇದೆ.”

“ಹತ್ತು ಜನರ ಕೈಲಿ ಒಂದೊಂದು ತರಿಸಿದ್ರೆ?”

ಶಾಂತಲಾ ಕನ್ನಡಕ ತೆಗೆದು ಅವನನ್ನೇ ನೋಡಿದರು. “ಅದಕ್ಕೆ ಬೇರೆ ಹೆಸರೇ ಇದೆ ಸ್ವಾಮಿ. ಮೋಟಾರು ಚೆನ್ನಾಗಿ ಹೋಗ್ತಿದೆಯಲ್ಲ ನಿಮ್ಮದು?”

ಮೆಟ್ಟಿಲಿಳಿಯುವಾಗ ಅನಂತರಾಜುವಿನ ಕನ್ನಡಕ ತಲೆಯಿಂದ ಜೇಬಿಗೆ ಇಳಿದಿತ್ತು. ಆದರೆ ಅವನು ಬೇಗ ಚೇತರಿಸಿಕೊಳ್ಳುವ ಜಾತಿ. ಬಸ್ ಸ್ಟಾಪ್ ಮುಟ್ಟುವಷ್ಟರಲ್ಲಿ, “ಒಂದೇ ಪೆಟ್ಟಿಗೆ ಭಾವ. ಒಂದೇ ಒಂದು ಸಲ. ಆಮೇಲೆ ನೀವು ಬರೀ ಅಕ್ಕಿ ಬೇಳೆ ಕೊಟ್ಕೊಂಡು ಆರಾಮಾಗಿರಿ” ಎಂದ.

ಶಿವಮೂರ್ತಿ ಆಗಲ್ಲ ಎನ್ನಬೇಕಿತ್ತು. ಆದರೆ ಅಂಗಡಿಗೆ ಮರಳಿದಾಗ ಎದುರಿನ ಮಾರ್ಟಿನಿಂದ ಸರ್ವಮಂಗಳಮ್ಮ ಹೊರಗೆ ಬರುತ್ತಿದ್ದರು. ಅಂಗಡಿ ಒಂದೇ ಬಾಗಿಲಿದ್ದ ಕಾಲದಿಂದ ಅವರ ಮನೆಗೆ ಸಾಮಾನು ಇಲ್ಲಿಂದಲೇ ಹೋಗುತ್ತಿತ್ತು. ಅವನನ್ನು ಕಂಡವರೇ ಕೈಯಲ್ಲಿದ್ದ ಚೀಲವನ್ನು ಸೆರಗಿನ ಮರೆಗೆ ಎಳೆದುಕೊಂಡು, “ಚೆನ್ನಾಗಿದೀಯೇನಪ್ಪಾ?” ಎಂದರು. ಆ ಮರೆ ಮಾಡಿದ್ದೇ ಅವನಿಗೆ ಹೆಚ್ಚು ನೋವಾಯಿತು. ಅಂಗಡಿಯ ಮೇಲೆ ಅಪ್ಪನ ಹೆಸರಿದೆ. ತನ್ನ ಕಾಲದಲ್ಲಿ ಅದಕ್ಕೆ ಬೀಗ ಬೀಳುವುದು ಬೇಡ.

ಅವನು ನಾಗಭೂಷಣ್‌ಗೆ ಫೋನ್ ಮಾಡಿದ. “ಮಾಲು ಬಂದಿದೆ ಸಾರ್.”

“ಭೇಷ್! ಅಮಾಸೆ ದಿನ ನಾನು ಗುಬ್ಬಿಗೆ ಬರ್ತಿದೀನಿ, ನಮ್ಮ ಭಾವನ ಮನೇಲಿ ಹಿರೀಕರ ಹಬ್ಬ. ನೀವೂ ಊರಿಗೆ ಬರ್ತೀರಲ್ಲ, ಅಲ್ಲೇ ಬಂದು ತಗೋತೀನಿ.”

ಹಾಗೆ ಮಾತು ಕೊಟ್ಟಾಯಿತು. ಕೊಟ್ಟ ಮೇಲೆ ಶುರುವಾಯಿತು ಶಿವಮೂರ್ತಿಯ ಪರದಾಟ. ದಾರಿಯಲ್ಲಿ ಪೊಲೀಸರು ಗಾಡಿ ಹಿಡಿದರೆ? ಗಾಡಿ ಹಿಡಿದವರು ಹೆಲ್ಮೆಟ್ಟು, ಇನ್ಶೂರೆನ್ಸ್ ಬಿಟ್ಟು ಸಿಗಾರು ಯಾಕೆ ಕೇಳುತ್ತಾರೆ ಎಂದು ಅವನಿಗೇ ಹೊಳೆಯಲಿಲ್ಲ. ಪೆಟ್ಟಿಗೆಯನ್ನು ಎಲ್ಲಿ ಅಡಗಿಸುವುದು ಎಂದು ಎರಡು ದಿನ ಯೋಚಿಸಿದ. ಕೊನೆಗೆ ಹಬ್ಬಕ್ಕೆಂದು ಅಪ್ಪನ ಹೆಸರಿನಲ್ಲಿ ತಂದಿದ್ದ ಹೊಸ ಪಂಚೆಯ ಮಡಿಕೆಗಳ ನಡುವೆ ಅದನ್ನಿಟ್ಟು, ಬಟ್ಟೆ ಅಂಗಡಿಯ ಕವರಿಗೆ ತುರುಕಿ, ಓಮ್ನಿಯ ಹಿಂದಿನ ಸೀಟಿನಲ್ಲಿ ಇಟ್ಟ. ಸತ್ತವರ ಪಂಚೆಯನ್ನು ಯಾವ ಪೊಲೀಸು ಬಿಚ್ಚಿಸುತ್ತಾನೆ? ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಗುಬ್ಬಿ ಪೇಟೆಯಿಂದ ಸ್ವಲ್ಪ ಒಳಗೆ, ತೆಂಗಿನ ತೋಟಕ್ಕೆ ಅಂಟಿಕೊಂಡಂತೆ ಅಣ್ಣ ಸಿದ್ದಗಂಗಯ್ಯನ ಮನೆ. ಅಪ್ಪ ಕುದುರೆ ಫಾರಂ ಬಿಟ್ಟ ಮೇಲೆ ಅವ್ವನ ತವರಿನ ಈ ಜಾಗಕ್ಕೆ ಬಂದು ನೆಲೆಸಿದ್ದ. ಅಮಾವಾಸ್ಯೆಯ ದಿನ ಶಿವಮೂರ್ತಿ ಹೆಂಡತಿ, ಭಾವಮೈದುನನ ಸಮೇತ ಬಂದಿಳಿದಾಗ ಹಿತ್ತಲಲ್ಲಿ ಆಗಲೇ ಮಟನ್ ಸಾರಿನ ಘಮ ಎದ್ದಿತ್ತು. ಅಣ್ಣ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸೌದೆ ತಳ್ಳುತ್ತಿದ್ದ.

“ಬಂದ್ಯಾ? ಬಾ, ಒಲೆ ನೋಡು” ಎಂದ ಅಣ್ಣ. ಒಲೆ ನೋಡಲು ಹೋದವನನ್ನು ಮುದ್ದೆ ತೊಳಸಲು ನಿಲ್ಲಿಸಿದರು. ಅನಂತರಾಜುವಿಗೆ ಬಾಳೆಯೆಲೆ ಕುಯ್ಯುವ ಕೆಲಸ ಬಿತ್ತು. ಹಬ್ಬದ ಮನೆಯಲ್ಲಿ ಸುಮ್ಮನೆ ನಿಂತವನ ಕೈಗೆ ಏನಾದರೊಂದು ಬರುವುದು ಖಂಡಿತ.

ಈ ಮನೆಯಲ್ಲಿ ಎಡೆ ಇಡುವುದು ಅವ್ವ ಗಂಗಲಕ್ಷ್ಮಮ್ಮನ ಒಬ್ಬಳ ಕೆಲಸ. ಆಗ ಒಳಗೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಹಿರಿಯರ ಫೋಟೋ ಮುಂದೆ ಎಲೆ ಹಾಸಿ, ಸತ್ತವರು ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಎಲ್ಲಕ್ಕೂ ಕುಂಕುಮ ಹಚ್ಚಿ, ದೀಪ ಮುಡಿಸಿ ಬಾಗಿಲು ಎಳೆದುಕೊಂಡು ಈಚೆ ಬರುತ್ತಾಳೆ. ಹಿರಿಯರು ಬಂದು ಉಂಡು ಹೋಗುವವರೆಗೆ ಬಾಗಿಲು ಮುಟ್ಟುವಂತಿಲ್ಲ. ಆಮೇಲೆ ಮಕ್ಕಳು ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗಿ ಧೂಪ ಹಾಕಬೇಕು.

ಅವ್ವ ಈಚೆ ಬಂದು ಬಾಗಿಲೆಳೆದಳು. ಎಲ್ಲರೂ ಜಗಲಿಯಲ್ಲಿ ಕೂತರು. ಅದೇ ಹೊತ್ತಿಗೆ ನಾಗಭೂಷಣ್‌ನ ಫೋನು ಬಂತು. “ಗುಬ್ಬಿ ದಾಟಿದೆ, ಬಂದೆ ಬಂದೆ.”

ಶಿವಮೂರ್ತಿ ಓಮ್ನಿಯತ್ತ ನಡೆದ. ಹಿಂದಿನ ಸೀಟು ಖಾಲಿ. ಸೀಟಿನ ಕೆಳಗೆ ನೋಡಿದ. ಸ್ಟೆಪ್ನಿಯ ಸಂದಿಗೂ ಕೈ ಹಾಕಿದ.

“ಪ್ರೇಮಾ, ಹಿಂದೆ ಒಂದು ಕವರ್ ಇತ್ತಲ್ಲ?”

“ಪಂಚೆ ಕವರ್ ತಾನೇ? ಬಂದ ತಕ್ಷಣ ಅತ್ತೆಗೆ ಕೊಟ್ಟೆನಲ್ಲ. ಯಾಕ್ರೀ, ಮುಖ ಹಿಂಗ್ಯಾಕಾಯ್ತು?”

ಅನಂತರಾಜು ಜಗಲಿಯಿಂದ ಎದ್ದು ಓಡಿಬಂದ. “ಭಾವ, ಒಳಗೆ ಹೋಗಿ ತಂದುಬಿಡಿ.”

“ಬಾಗಿಲು ಹಾಕಿದೆ ಕಣೋ.”

“ಮೆಲ್ಲಗೆ ತೆಗೆದು...”

“ಒಳಗೆ ಅಪ್ಪ ಊಟ ಮಾಡ್ತಾವ್ರೆ!” ಎಂದು ಶಿವಮೂರ್ತಿ ಗದರಿದ. ಗದರಿದ ಮೇಲೆ ಮಾತಿನ ಅರ್ಥ ಅವನಿಗೇ ತಟ್ಟಿ, ಇಬ್ಬರೂ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತರು. ಪಂಚೆಯ ಮಡಿಕೆಯನ್ನು ಅವ್ವ ಬಿಚ್ಚಿರಲಿಕ್ಕಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಬಿಚ್ಚಿದರೂ ಅದೇನೆಂದು ಅವಳಿಗೆ ತಿಳಿಯಲಿಕ್ಕಿಲ್ಲ.

ಕೊನೆಗೂ ಅವ್ವ ತಲೆಯಾಡಿಸಿದಳು. ಸಿದ್ದಗಂಗಯ್ಯ ಬಾಗಿಲು ತಟ್ಟಿ, ದೊಡ್ಡದಾಗಿ ಕೆಮ್ಮಿ, ಒಳಗೆ ಕಾಲಿಟ್ಟ. ಹಿಂದೆಯೇ ಶಿವಮೂರ್ತಿ.

ಅಪ್ಪನ ಫೋಟೋಗೆ ಚೆಂಡುಹೂವಿನ ಹಾರ. ಮುಂದೆ ಎಲೆಯ ತುಂಬ ಮುದ್ದೆ, ಸಾರು, ಕಜ್ಜಾಯ, ವಡೆ. ಪಕ್ಕದಲ್ಲಿ ಹೊಸ ಪಂಚೆ. ಪಂಚೆಯ ಮೇಲೆ, ಬಿಚ್ಚಿ ಹರಡಿ, ಒಂದರ ಪಕ್ಕ ಒಂದು ಒಪ್ಪವಾಗಿ ಜೋಡಿಸಿದ ಸಿಗಾರುಗಳು. ಒಂದನ್ನೂ ಬಿಡದೆ ಎಲ್ಲಕ್ಕೂ ಅರಿಶಿನದ ಒಂದು ಗೆರೆ, ಕುಂಕುಮದ ಒಂದು ಬೊಟ್ಟು. ಖಾಲಿ ಪೆಟ್ಟಿಗೆ ದೀಪದ ಹತ್ತಿರ ನಿಂತಿತ್ತು. ಮುಚ್ಚಳದ ಮೇಲಿನ ದೊರೆಯ ಹಣೆಗೂ ಕುಂಕುಮ ಬಿದ್ದಿತ್ತು.

ಅವ್ವ ಹಿಂದಿನಿಂದ ಬಂದು ಶಿವಮೂರ್ತಿಯ ತೋಳು ಹಿಡಿದಳು. ಅವಳ ಕಣ್ಣು ತುಂಬಿತ್ತು. “ನಿಂಗೆ ಅದೆಂಗ್ಲಾ ನೆಪ್ಪಿತ್ತು? ನೀನಾಗ ಇಷ್ಟುದ್ದ ಇದ್ದೆ.”

“ಏನವ್ವ?”

“ಚುಟ್ಟ ಕಣ್ಲಾ! ಫಾರಂನಾಗೆ ನಿಮ್ಮಪ್ಪ ಸಾಕಿದ್ ಮರಿ ಬೆಂಗ್ಳೂರಾಗೆ ರೇಸ್ ಗೆದ್ರೆ, ಸಾಹೇಬ್ರು ಇಂಥದ್ದೊಂದು ಕೊಡೋರು. ರುಮಾಲ್ನಾಗೆ ಸುತ್ಕೊಂಡು ಮಗೀನಂಗೆ ಎತ್ಕೊಂಡ್ ಬರೋರು ಮನೆಗೆ. ಪೇಟೆ ಹೋಟ್ಲವ್ನು ಒಬ್ಬ ಬೆನ್ನಿಗೇ ಬಂದ, ಕಾಸು ಕೊಡ್ತೀನಿ, ನಂಗೆ ಕೊಟ್ಬುಡು ರಂಗಯ್ಯ ಅಂತ. ಕುದ್ರೆ ಗೆದ್ದು ಕೊಡ್ಸಿರೋದು, ಮಾರಾಕಾಯ್ತದೇನ್ಲಾ ಅಂತ ಅಟ್ಟಿದ್ರು ಅವ್ನ. ಆಮ್ಯಾಕೆ ನನ್ನ ಅಡಕತ್ರೀಲಿ ತುಂಡು ತುಂಡು ಮಾಡಿ ಕೇರಿಯೋರಿಗೆಲ್ಲ ಕೊಟ್ಟು, ಕಡೇ ತುಂಡು ತಾವು ಸೇದೋರು.”

ಅಂಗಡಿಯಲ್ಲಿ ಮೂಗಿಗೆ ಹಿಡಿದ ಆ ಘಮ ಯಾವುದೆಂದು ಶಿವಮೂರ್ತಿಗೆ ಈಗ ಹೊಳೆಯಿತು. ಅಪ್ಪನ ರುಮಾಲಿನದು. ಕುದುರೆಯ ಮೈವಾಸನೆ, ಹುರುಳಿ ಬೇಯಿಸಿದ ವಾಸನೆ, ಅವೆರಡರ ನಡುವೆ ವರ್ಷಕ್ಕೊಮ್ಮೆ ಇದು. ಅವನಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಧೂಪಕ್ಕೆ ಸಾಂಬ್ರಾಣಿ ಹಾಕುವಾಗ ಹೊಗೆಯ ನೆಪದಲ್ಲಿ ಎರಡನ್ನೂ ಒರೆಸಿಕೊಂಡ.

ಈಚೆ ಬಂದದ್ದೇ ಅನಂತರಾಜು ಅವನನ್ನು ಕಂಬದ ಮರೆಗೆ ಎಳೆದ. “ಭಾವ, ಗಾಬರಿ ಬೇಡ. ಒದ್ದೆ ಬಟ್ಟೇಲಿ ಮೆಲ್ಲಗೆ ಒರೆಸಿದ್ರೆ ಕುಂಕುಮ ಹೋಗುತ್ತೆ. ಪೆಟ್ಟಿಗೇಗೆ ಹಂಗೇ ಜೋಡಿಸಿ ಕೊಟ್ಬಿಡೋಣ. ನಾಗಭೂಷಣ್‌ಗೆ ಏನು ಗೊತ್ತಾಗುತ್ತೆ? ಅತ್ತೆಗೆ ನಾನೇ ಏನಾದ್ರೂ ಹೇಳ್ತೀನಿ.”

“ಎಡೆಗಿಟ್ಟಿದ್ದು ಕಣೋ ಅದು.”

“ಹೂಂ, ಆದ್ರೆ...”

“ಎಡೆಗಿಟ್ಟಿದ್ದನ್ನ ಮಾರ್ತಾರೇನೋ?”

ಅನಂತರಾಜುವೂ ಇದೇ ನೆಲದಲ್ಲಿ ಹುಟ್ಟಿದವನು. ಅವನ ಮನೆಯಲ್ಲೂ ಎಡೆಗಿಟ್ಟ ಕಜ್ಜಾಯವನ್ನು ಬಂದವರಿಗೆಲ್ಲ ಹಂಚಿಯೇ ತಿನ್ನುತ್ತಾರೆ. “ಮಾರಲ್ಲ” ಎಂದು ಒಪ್ಪಿಕೊಂಡ. ಶಾಂತಲಾ ಮೇಡಂ ಎದುರು ಕೇಳಿದಷ್ಟು ಪ್ರಶ್ನೆಗಳಲ್ಲಿ ಒಂದನ್ನೂ ಅವನು ಇಲ್ಲಿ ಕೇಳಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಹಾರ್ನ್ ಆಯಿತು. ನಾಗಭೂಷಣ್ ಬಿಳಿ ಕಾರಿನಿಂದ ಇಳಿದ. ದೊಡ್ಡ ಆಳು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾರಿನ ಕೀ ತಿರುಗಿಸುತ್ತಿದ್ದ. “ಎಲ್ಲಿ ಶಿವಮೂರ್ತಿ, ನಮ್ಮ ಐಟಂ? ಓಪನಿಂಗ್‌ಗೆ ಇನ್ನು ನಾಲ್ಕೇ ದಿನ.”

ಅಕ್ಕಿ, ಬೇಳೆ, ಎಣ್ಣೆ, ಅಂಗಡಿಯ ಬೋರ್ಡು ಎಲ್ಲ ಶಿವಮೂರ್ತಿಯ ಕಣ್ಣ ಮುಂದೆ ಒಮ್ಮೆ ಹಾದುಹೋದವು. ಸುಳ್ಳು ಹೇಳಲು ಅವನಿಗೆ ಯಾವತ್ತೂ ಬರುತ್ತಿರಲಿಲ್ಲ, ಇವತ್ತಂತೂ ಮನಸ್ಸೇ ಇರಲಿಲ್ಲ.

“ಸಾರ್, ಅದನ್ನ ಮಾರಕ್ಕಾಗಲ್ಲ. ಮೊದಲೇ ಮಾರೋ ಹಾಗಿರಲಿಲ್ಲ. ಸ್ವಂತಕ್ಕೆ ಅಂತ ತಂದಿದ್ದು, ಸುಂಕ ಕಟ್ಟಿಲ್ಲ, ಮೇಲೆ ಚಿತ್ರ ಇಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಡ್ತೀನಿ ಅಂದೆ, ಅದು ನನ್ನ ತಪ್ಪು. ಈಗ ನಮ್ಮವ್ವ ನಮ್ಮಪ್ಪಂಗೆ ಎಡೆಗೆ ಇಟ್ಬಿಟ್ಟಿದಾರೆ.”

ಕೀ ತಿರುಗುವುದು ನಿಂತಿತು. “ಎಡೆಗೆ? ಎಷ್ಟು?”

“ಅಷ್ಟೂ.”

ನಾಗಭೂಷಣ್ ಕತ್ತು ಚಾಚಿ ಬಾಗಿಲೊಳಗೆ ನೋಡಿದ. ಧೂಪದ ಹೊಗೆಯ ನಡುವೆ ಚಿಕ್ಕರಂಗಯ್ಯನ ಫೋಟೋ, ಅದರ ಮುಂದೆ ಬೊಟ್ಟಿಟ್ಟುಕೊಂಡು ಸಾಲಾಗಿ ಮಲಗಿದ ಸಿಗಾರುಗಳು ಕಂಡವು. ಅವನ ಮುಖದಲ್ಲಿ ಮೊದಲು ಸಿಟ್ಟು ಬಂತು. ಬಂದ ಸಿಟ್ಟನ್ನು ಎಲ್ಲಿ ಇಡುವುದು ಎಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ತನ್ನ ಭಾವನ ಮನೆಯಲ್ಲಿ ಇಂಥದೇ ಎಡೆಯ ಮುಂದೆ ಅಡ್ಡಬಿದ್ದು ಬಂದವನು ಅವನು. ಶೂ ಬಿಚ್ಚಿ ಒಳಗೆ ಹೋಗಿ ಕೈಮುಗಿದ.

“ಯಾರಪ್ಪ ಈ ಮಗ?” ಎಂದಳು ಅವ್ವ.

“ಕುಣಿಗಲ್ನೋರು ಕಣವ್ವ” ಎಂದ ಶಿವಮೂರ್ತಿ.

“ಕುಣಿಗಲ್ಲಾ! ಮತ್ಯಾಕೆ ನಿಂತವ್ನೆ? ಎಲೆ ಹಾಕ್ರಮ್ಮಾ.”

ಭಾವನ ಮನೆಯಲ್ಲಿ ಉಂಡು ಬಂದಿದ್ದೇನೆ ಎಂದರೂ ಅವ್ವ ಕೇಳಲಿಲ್ಲ. ಅರ್ಧ ಮುದ್ದೆ ಎಂದವನಿಗೆ ಇಡೀ ಮುದ್ದೆ ಬಿತ್ತು. ಪಕ್ಕದ ಎಲೆಯಲ್ಲಿ ಕೂತ ಶಿವಮೂರ್ತಿ ಮಾತ್ರ ಮುರಿದ ತುತ್ತನ್ನು ಸಾರಿನಲ್ಲೇ ಹೊರಳಿಸುತ್ತಿದ್ದ. ಕೊನೆಗೆ ಅವನೇ ಮೆಲ್ಲಗೆ ಅಂದ: “ಸಿಗಾರು ಬೇಕೇ ಬೇಕು ಅಂದ್ರೆ ಬೆಂಗಳೂರಿನ ಡೀಲರ್ ಹತ್ರ ಬಿಲ್ ಇರೋದು ತರಿಸಿಕೊಡ್ತೀನಿ ಸಾರ್. ಮೇಲೆ ಚಿತ್ರ ಇರುತ್ತೆ. ಗಾಜಿನ ಬೀರುವಿನಲ್ಲಿ ಚೆನ್ನಾಗಿ ಕಾಣಲ್ಲ.”

ನಾಗಭೂಷಣ್ ಮೂಳೆ ಚೀಪುವುದನ್ನು ನಿಲ್ಲಿಸಿ ಅವನತ್ತ ನೋಡಿದ. “ಅಕ್ಕಿ, ಬೇಳೆ, ಎಣ್ಣೆ?”

“ಏನು ಸಾರ್?”

“ಅದನ್ನೂ ನಿಮ್ಮವ್ವ ಎಡೆಗೆ ಇಟ್ಬಿಟ್ಟಿದಾರಾ, ಇಲ್ಲ ನಮ್ಮ ಅಡುಗೆಮನೆಗೆ ಏನಾದ್ರೂ ಮಿಕ್ಕಿದೆಯಾ?”

ಸಾರಿನ ಸೌಟು ಹಿಡಿದು ಬಂದ ಪ್ರೇಮಲತಾ ಮೊದಲು ನಕ್ಕಳು. ಆಮೇಲೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಶಿವಮೂರ್ತಿಗೆ ನಗುವುದೋ ಉತ್ತರ ಕೊಡುವುದೋ ತಿಳಿಯದೆ, “ಸೋಮವಾರ ಗಾಡಿ ಕಳಿಸ್ತೀನಿ ಸಾರ್” ಎಂದ. ಆಮೇಲೆ ಅವನೂ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಬಿಸಿಲು ತೋಟದ ಕಡೆಗೆ ವಾಲಿದಾಗ ಕೇರಿಯ ಗಂಡಸರೆಲ್ಲ ಜಗಲಿಯಲ್ಲಿ ಸೇರಿದ್ದರು. ಅವ್ವ ಸಿಗಾರುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಕಜ್ಜಾಯದ ಜೊತೆ ಒಂದೊಂದು ಹಂಚಿದಳು. ಹುಡುಗರಿಗೆ ಕಜ್ಜಾಯ ಮಾತ್ರ. ಸೇದದವರು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟುಕೊಂಡರು. ನಾಗಭೂಷಣ್‌ಗೆ ಒಂದು ಸಿಕ್ಕಿತು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅನಂತರಾಜು ತನ್ನದನ್ನು ಬಾಯಿಗಿಟ್ಟು ಬೆಂಕಿಕಡ್ಡಿ ಗೀರಿದ, ಗೀರಿದ, ಎಷ್ಟು ಎಳೆದರೂ ಹೊಗೆ ಬರಲಿಲ್ಲ.

“ದುಬಾಯ್ಗೆ ಹೋಗಿ ಬಂದವ್ನೆ! ಕುಂಡಿ ಕತ್ತರಿಸ್ದೆ ಹೆಂಗ್ಲಾ ಸೇದೀಯ?” ಎಂದು ಅವ್ವ ಎಲೆಯಡಿಕೆ ಚೀಲದಿಂದ ಅಡಕತ್ತರಿ ತೆಗೆದಳು. ಅವನ ಕೈಯಿಂದ ಸಿಗಾರು ಕಿತ್ತುಕೊಂಡು ಮುಚ್ಚಿದ ತುದಿಯನ್ನು ಅಡಿಕೆ ಹೋಳಿನಷ್ಟು ಕತ್ತರಿಸಿ ಹಿಂದಕ್ಕೆ ಕೊಟ್ಟಳು. ಎಲ್ಲರೂ ಕೈ ಚಾಚಿದರು, ಅವಳು ಎಲ್ಲರದನ್ನೂ ಕತ್ತರಿಸಿದಳು. “ಆ ಪೆಟ್ಗೆ ನಂಗಿರ್ಲಿ ಶಿವು. ಎಲೆ ಅಡ್ಕೆಗೆ ಚೆನ್ನಾಗಾಯ್ತದೆ.”

“ತಗೋ ಅವ್ವ.”

ತಟ್ಟೆಯಲ್ಲಿ ಒಂದು ಉಳಿದಿತ್ತು. ಅದನ್ನೂ ಕತ್ತರಿಸಿ, ಒಲೆಯಿಂದ ತರಿಸಿದ ಕೆಂಡಕ್ಕೆ ಹಿಡಿದು, ಯಾರಿಗೂ ನಾಚದೆ ಬಾಯಿಗಿಟ್ಟು ಎರಡು ಸಲ ಎಳೆದಳು. ಕೆಮ್ಮಲಿಲ್ಲ. ತುದಿ ಕೆಂಪಗೆ ಹತ್ತಿಕೊಂಡದ್ದನ್ನು ನೋಡಿ, ಅಪ್ಪ ಸಂಜೆ ಹೊತ್ತು ಕೂರುತ್ತಿದ್ದ ಕಂಬದ ಬುಡದಲ್ಲಿ, ಉರಿಯುವ ಕಡೆ ಹೊರಕ್ಕೆ ಇರುವಂತೆ ಜಗಲಿಯ ಅಂಚಿಗೆ ಇಟ್ಟಳು. ಹೊಗೆ ಎಳೆಯಾಗಿ ಮೇಲಕ್ಕೆ ಹೋಗತೊಡಗಿತು.

ಶಿವಮೂರ್ತಿ ಅದೇ ಕಂಬಕ್ಕೆ ಒರಗಿ ಕೂತಿದ್ದ. ಅವನು ಸ್ವಲ್ಪ ಸರಿದು ಜಾಗ ಬಿಟ್ಟ.